ಸಹಾಯ ಬೇಕು: ದ್ರಾಕ್ಷಿ ವೈನ್‌ನಲ್ಲಿ ನೊರೆ ನಿಂತುಬಿಟ್ಟಿದೆ

ಎಲ್ಲರಿಗೂ ನಮಸ್ಕಾರ, ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ಮೊದಲ ಸಲ ಮನೆಯಲ್ಲಿ ವೈನ್ ಮಾಡಲು ಹೊರಟಿದ್ದೇನೆ, ಅದೂ ಕಡಿಮೆ ಖರ್ಚಿನಲ್ಲಿ. ಜನತಾ ಬಜಾರಿನಲ್ಲಿ ಸಂಜೆ ಹೊತ್ತಿಗೆ ಗೊಂಚಲಿನಿಂದ ಉದುರಿದ ಕಪ್ಪು ದ್ರಾಕ್ಷಿ ಅಗ್ಗಕ್ಕೆ ಸಿಕ್ಕಿತು. 2 ಕೆಜಿ ದ್ರಾಕ್ಷಿ, 1 ಕೆಜಿ ಸಕ್ಕರೆ, 2 ಲೀಟರ್ ಕುದಿಸಿ ಆರಿಸಿದ ನೀರು, ಅರ್ಧ ಚಮಚ ಬ್ರೆಡ್ ಈಸ್ಟ್. ಎಲ್ಲವನ್ನೂ ಅವ್ವನ ಉಪ್ಪಿನಕಾಯಿ ಭರಣಿಗೆ ಹಾಕಿದೆ. ಅವ್ವನ ಸಿಟ್ಟು ಇನ್ನೂ ಇಳಿದಿಲ್ಲ, ಅದು ಬೇರೆ ಕಥೆ.

ಮೊದಲ ನಾಲ್ಕು ದಿನ ಬುಸುಬುಸು ನೊರೆ. ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪಗೆ ಕೂತಿತ್ತು. ದಿನಾ ಎರಡು ಸಲ ಕಟ್ಟಿಗೆ ಸೌಟಿನಿಂದ ಒಳಗೆ ಒತ್ತುತ್ತಿದ್ದೆ. ಬಿಗಿಯಾಗಿ ಮುಚ್ಚಿದರೆ ಗ್ಯಾಸ್ ತುಂಬಿ ಭರಣಿ ಒಡೆಯುತ್ತೆ ಅಲ್ವಾ, ಅದಕ್ಕೇ ಬಾಯಿಗೆ ಬರೀ ಬಟ್ಟೆ ಕಟ್ಟಿದ್ದೇನೆ.

ಆರನೇ ದಿನ ನೊರೆ ನಿಂತಿತು. ರುಚಿ ನೋಡಿದರೆ ಇನ್ನೂ ಪಾನಕದ ಹಾಗೆ ಸಿಹಿ! ಸಕ್ಕರೆ ಜಾಸ್ತಿಯಾಯಿತಾ? ಅಥವಾ ಈ ಬಿಸಿಲಿಗೆ ಈಸ್ಟ್ ಸತ್ತಿತಾ? ನಮ್ಮ ಅಡುಗೆಮನೆಗೆ ತಗಡಿನ ಛಾವಣಿ, ಮಧ್ಯಾಹ್ನ ಒಳಗೆ ನಿಲ್ಲೋಕಾಗಲ್ಲ. ಇನ್ನಷ್ಟು ಈಸ್ಟನ್ನು ಬೆಚ್ಚನೆ ನೀರಲ್ಲಿ ನೆನೆಸಿ ಹಾಕಲಾ, ಸುಮ್ನೆ ಕಾಯಲಾ?

ಇನ್ನೊಂದು. ಹೀಗೇ ಗಾಳಿ ತಾಗಿದರೆ ವಿನೆಗರ್ ಆಗುವ ಭಯ. ಸೋಸಿ ಕ್ಯಾನಿಗೆ ಹಾಕಿ, ಮುಚ್ಚಳಕ್ಕೆ ಸಲೈನ್ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ನೀರಿನ ಲೋಟದಲ್ಲಿ ಮುಳುಗಿಸಿದರೆ ನಡೆಯುತ್ತಾ? ಮಾಡಿ ನೋಡಿದವರು ದಯವಿಟ್ಟು ಹೇಳಿ.