ವರ್ಷಕ್ಕೆ 50 ಸಾವಿರ ಕಿ.ಮೀ. ಓಡುವ ಡೀಸೆಲ್ ಕಾರಿಗೆ ಸಿಂಥೆಟಿಕ್ ಆಯಿಲ್ ಬೇಕಾ?

ಸುಂಟಿಕೊಪ್ಪದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ವಾರದಲ್ಲಿ ಐದು ದಿನ ಸುಂಟಿಕೊಪ್ಪದಿಂದ ಮೈಸೂರಿಗೆ ಹೋಗಿ ಬರುತ್ತೇನೆ. ದಿನಕ್ಕೆ 200 ಕಿ.ಮೀ. ಮೇಲೆಯೇ ಆಗುತ್ತದೆ. ಟರ್ಬೊ ಡೀಸೆಲ್ ಕಾರು, 2016ರ ಮಾಡೆಲ್. ಹೋದ ವರ್ಷ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗ ಮೀಟರ್‌ನಲ್ಲಿ 1,40,000 ಇದೆ. ಇಲ್ಲಿಯವರೆಗೆ ಮಾಮೂಲಿ ಮಿನರಲ್ ಆಯಿಲ್ ಹಾಕಿಸಿದ್ದೇನೆ. ಷೋರೂಂನವರು ಫುಲ್ ಸಿಂಥೆಟಿಕ್ ಹಾಕಿಸಿ ಅನ್ನುತ್ತಾರೆ. ನಮ್ಮ ಗ್ಯಾರೇಜಿನ ಅಣ್ಣ ಸುಮ್ನೆ ದುಡ್ಡು ದಂಡ ಅನ್ನುತ್ತಾರೆ. ಬಳಸಿ ನೋಡಿದವರು ದಯವಿಟ್ಟು ಹೇಳಿ.

ಮಡಿಕೇರಿಯಿಂದ ಉತ್ತರ:

ಹಾಕಿಸಿ. ಆದರೆ ಕಿಲೋಮೀಟರ್ ಜಾಸ್ತಿ ಅನ್ನುವ ಕಾರಣಕ್ಕಲ್ಲ, ಟರ್ಬೊ ಇದೆ ಅನ್ನುವ ಕಾರಣಕ್ಕೆ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಮ್ಮಲ್ಲಿ ಎರಡು ಗಾಡಿ. ಒಂದು ಬಾಡಿಗೆಗೆ ಓಡುವ ಡೀಸೆಲ್ ಕಾರು, ಮೈಸೂರು, ಮಂಗಳೂರು ಅಂತ ವರ್ಷಕ್ಕೆ 55 ಸಾವಿರ ಓಡುತ್ತದೆ. ಇನ್ನೊಂದು ತೋಟದ ಪಿಕಪ್, ವರ್ಷಕ್ಕೆ 6 ಸಾವಿರ ಆದರೆ ಹೆಚ್ಚು. ಒಂದು ಸಲ ಮಳೆಗಾಲ ಮುಗಿದ ಮೇಲೆ ಎರಡರ ಆಯಿಲನ್ನೂ ಒಂದೇ ದಿನ ಕಣದಲ್ಲಿ ಇಳಿಸಿದೆವು. ಆಗ ಇದ್ದದ್ದು ಹಿಂದಿನ ಕಾರು, ಎರಡಕ್ಕೂ ಮಿನರಲ್. ಕಾರಿನ ಆಯಿಲ್ 8 ಸಾವಿರ ಓಡಿತ್ತು. ಕಪ್ಪಾಗಿತ್ತು, ಆದರೆ ಬೆರಳಲ್ಲಿ ಉಜ್ಜಿದರೆ ಇನ್ನೂ ಜಾರುತ್ತಿತ್ತು. ಪಿಕಪ್‌ನ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಕೆನೆ. ಕೆಳಗೆ ಇಳಿದ ಆಯಿಲ್ ಡೀಸೆಲ್ ವಾಸನೆ ಹೊಡೆಯುತ್ತಿತ್ತು. ಕಮ್ಮಿ ಓಡಿದ್ದೇ ಜಾಸ್ತಿ ಕೆಟ್ಟಿತ್ತು!

ಕಾರಣ ಇಷ್ಟೇ. ಪಿಕಪ್ ಲೈನ್ ಮನೆಯಿಂದ ಕಣಕ್ಕೆ, ಕಣದಿಂದ ಗೇಟಿಗೆ ಓಡುತ್ತದೆ. ಇಂಜಿನ್ ಬಿಸಿ ಏರುವ ಮೊದಲೇ ಆಫ್. ಇಂಧನ ಉರಿದಾಗ ಆವಿಯೂ ಹುಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆಯ ಥಂಡಿಗೆ ಅದು ಒಳಗೇ ನೀರಾಗಿ ಆಯಿಲ್ ಜೊತೆ ಸೇರುತ್ತದೆ. ಕಾರು ಹಾಗಲ್ಲ, ಕುಶಾಲನಗರ ದಾಟುವಷ್ಟರಲ್ಲಿ ಚೆನ್ನಾಗಿ ಕಾದು ಆ ನೀರನ್ನು ಓಡಿಸಿಬಿಟ್ಟಿರುತ್ತದೆ. ಗಂಟೆ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟ. ಗಂಟೆಗೆ 45ರ ಸರಾಸರಿಯಲ್ಲಿ 10 ಸಾವಿರ ಕಿ.ಮೀ. ಅಂದರೆ ಇಂಜಿನ್ ತಿರುಗಿದ್ದು ಸುಮಾರು 220 ಗಂಟೆ. ತೋಟದ ದಾರಿಯಲ್ಲಿ ಗಂಟೆಗೆ 15ರಂತೆ 6 ಸಾವಿರ ಅಂದರೆ 400 ಗಂಟೆ. ನಿಮ್ಮ ಮೈಸೂರು ಓಡಾಟ ಆಯಿಲ್‌ಗೆ ಸುಖದ ಓಡಾಟ. (ಮುಚ್ಚಳದ ಕೆಳಗೆ ಆ ಕೆನೆ ಕಂಡರೆ ಕೂಲಂಟ್ ಮಟ್ಟವನ್ನೂ ನೋಡಿ. ಒಳ್ಳೆ ದೂರ ಓಡಿಸಿದ ಮೇಲೂ ಕೆನೆ ಬರುತ್ತಿದ್ದು, ಕೂಲಂಟೂ ಇಳಿಯುತ್ತಿದ್ದರೆ, ಕೂಲಂಟ್ ಆಯಿಲ್‌ಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಲೇಬೇಕು.)

ಈಗ ಟರ್ಬೊ ವಿಷಯ, ಅಂದರೆ ಹೊಗೆಯ ಬಲದಲ್ಲಿ ತಿರುಗಿ ಇಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಭಾಗ. ಅದರ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ, ತೆಳ್ಳನೆಯ ಆಯಿಲ್ ಪದರದ ಮೇಲೆ. ಸಂಪಾಜೆಯಿಂದ ಘಾಟಿ ಹತ್ತಿ ಬಂದು, ಟೀ ಕುಡಿಯೋಣ ಅಂತ ತಕ್ಷಣ ಆಫ್ ಮಾಡಿದರೆ, ಅಲ್ಲಿ ನಿಂತ ಆಯಿಲ್ ಆ ಕಾವಿಗೆ ಹೊತ್ತುತ್ತದೆ. ಮಿನರಲ್ ಬೇಗ ಹೊತ್ತುತ್ತದೆ, ಸಿಂಥೆಟಿಕ್ ಜಾಸ್ತಿ ತಡೆಯುತ್ತದೆ. ನನ್ನ ಹಿಂದಿನ ಕಾರಿನ ಟರ್ಬೊ 1,60,000ಕ್ಕೆ ಹೋಯಿತು. ಮೆಕ್ಯಾನಿಕ್ ಟರ್ಬೊಗೆ ಆಯಿಲ್ ಹೋಗುವ ಸಣ್ಣ ಪೈಪ್ ಬಿಚ್ಚಿ ಕೈಗೆ ಕೊಟ್ಟರು. ಒಳಗೆಲ್ಲ ಹಾಲು ಸೀದ ಪಾತ್ರೆಯ ತಳದ ಹಾಗೆ ಕರಿ ಹಕ್ಕಳೆ. ಬೆಳಕಿಗೆ ಹಿಡಿದರೆ ಸೂಜಿ ತೂರುವಷ್ಟು ತೂತು ಮಾತ್ರ ಉಳಿದಿತ್ತು. ಮಿನರಲ್ ಆಯಿಲನ್ನು 12 ಸಾವಿರದವರೆಗೆ ಎಳೆಯುತ್ತಿದ್ದದ್ದು ನಾನೇ. ಆ ಪೈಪ್ ನೋಡಿದ ಮೇಲೆ ಮನಸ್ಸಿಗೆ ತುಂಬಾ ಬೇಜಾರಾಯಿತು. ಈಗಿನ ಕಾರಿಗೆ ಮೊದಲಿನಿಂದಲೂ ಸಿಂಥೆಟಿಕ್, 10 ಸಾವಿರಕ್ಕೆ ತಪ್ಪದೆ ಚೇಂಜ್. ಘಾಟಿ ಹತ್ತಿದ ಮೇಲೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟೇ ಆಫ್ ಮಾಡುತ್ತೇನೆ. 2,10,000ಕ್ಕೆ ಬೇರೆ ಕೆಲಸಕ್ಕೆ ಮೇಲಿನ ಕವರ್ ಬಿಚ್ಚಿದಾಗ ಒಳಗೆ ಜೇನಿನ ಬಣ್ಣ, ಗಸಿ ಇರಲೇ ಇಲ್ಲ.

ದುಡ್ಡಿನ ಲೆಕ್ಕ, ನಾನು ಕೊಡುವ ರೇಟಿನಲ್ಲಿ: ಮಿನರಲ್ 4 ಲೀಟರ್‌ಗೆ 1,400, ಫಿಲ್ಟರ್ ಮತ್ತು ಕೂಲಿ 600. ಒಟ್ಟು 2,000. ಟರ್ಬೊ ಗಾಡಿಯಲ್ಲಿ ಇದನ್ನು 5 ಸಾವಿರ ಕಿ.ಮೀ.ಗೆ ಬದಲಿಸಿದರೇ ನನಗೆ ಸಮಾಧಾನ, ಅಂದರೆ 10 ಸಾವಿರ ಕಿ.ಮೀ.ಗೆ 4,000. ಸಿಂಥೆಟಿಕ್ 3,000, ಜೊತೆಗೆ ಅದೇ 600. ಒಟ್ಟು 3,600, 10 ಸಾವಿರಕ್ಕೆ ಒಂದೇ ಸಲ. ಅಲ್ಲಿಗೆ ದುಬಾರಿ ಅನ್ನುವ ಮಾತೇ ಇಲ್ಲ. ಆದರೆ ಸಿಂಥೆಟಿಕ್ ಅಂತ 20 ಸಾವಿರದವರೆಗೆ ಬಿಡಬೇಡಿ. ಮ್ಯಾನ್ಯುಯಲ್ ಹೇಳಿದ ಗಡುವು ದಾಟಿದರೆ ಯಾವ ಆಯಿಲೂ ಕಾಯುವುದಿಲ್ಲ.

ಇನ್ನೊಂದು ಮಾತು. ಫುಲ್ ಸಿಂಥೆಟಿಕ್ ಅಂತ ಬರೆದ ಡಬ್ಬದಲ್ಲಿ ಬಹುತೇಕ ಇರುವುದು ಕಚ್ಚಾ ತೈಲವನ್ನೇ ಹೈಡ್ರೋಜನ್ ಕೊಟ್ಟು ಚೆನ್ನಾಗಿ ಶುದ್ಧ ಮಾಡಿದ್ದು. ಮೂರನೇ ಗುಂಪಿನ ಬೇಸ್ ಆಯಿಲ್ ಅನ್ನುತ್ತಾರೆ. ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸುವ, ಪಿಎಒ ಅನ್ನುವ ನಾಲ್ಕನೇ ಗುಂಪಿನದ್ದು ಬೇರೆ, ಬೆಲೆಯೂ ಜಾಸ್ತಿ. ನಮ್ಮ ಕೆಲಸಕ್ಕೆ ಮೂರನೆಯದೇ ಧಾರಾಳ ಸಾಕು. ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಂಥೆಟಿಕ್ ಬೇಕು ಅನ್ನುವುದು ಹಿಮ ಬೀಳುವ ಊರಿನ ಮಾತು. ಮಡಿಕೇರಿಯ ಜನವರಿ ಬೆಳಗಿಗೆ 15ಡಬ್ಲ್ಯು-40 ಅನ್ನುವ ಗಟ್ಟಿ ಗ್ರೇಡಿನ ಆಯಿಲ್ ಕೂಡ ಆರಾಮಾಗಿ ಹರಿಯುತ್ತದೆ. ಮೈಲೇಜ್ ಬರುತ್ತದೆ ಅಂತ ಹಾಕಿಸಬೇಡಿ, ನನ್ನ ಗಾಡಿಯಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಮಾಂದಲ್‌ಪಟ್ಟಿ ಕಡೆ ಜೀಪ್ ಓಡಿಸುವವರಿಂದ:

ಮಡಿಕೇರಿ ಅಣ್ಣ ಹೇಳಿದ ಗಂಟೆ ಲೆಕ್ಕ ನೂರಕ್ಕೆ ನೂರು ಸರಿ. ನಮ್ಮದು ಇಡೀ ದಿನ ಫಸ್ಟ್, ಸೆಕೆಂಡ್ ಗೇರ್. ಕಿಲೋಮೀಟರ್ ನೋಡಿ ಆಯಿಲ್ ಬದಲಿಸಿದರೆ ಇಂಜಿನ್ ಉಳಿಯುವುದಿಲ್ಲ. ಸೀಸನ್‌ನಲ್ಲಿ ತಿಂಗಳಿಗೊಮ್ಮೆ ಗೇಜ್ ಕಡ್ಡಿ ಎಳೆದು ನೋಡಿ ತೀರ್ಮಾನ ಮಾಡುತ್ತೇನೆ. ಟರ್ಬೊ ಇಲ್ಲದ ಹಳೇ ಇಂಜಿನ್‌ಗೆ ಮಿನರಲ್ಲೇ ಸಾಕು. ನಾನು ಒಂದು ಸಲ ಸಿಂಥೆಟಿಕ್ ಹಾಕಿಸಿದೆ. ಎರಡೇ ವಾರಕ್ಕೆ ಕ್ರ್ಯಾಂಕ್ ಸೀಲ್‌ನಿಂದ ತೊಟ್ಟಿಕ್ಕಲು ಶುರುವಾಯಿತು. ಆಯಿಲ್‌ದು ತಪ್ಪಲ್ಲ. ಸೀಲ್ ಮೊದಲೇ ಸವೆದಿತ್ತು, ಗಸಿ ಅದನ್ನು ಮುಚ್ಚಿಕೊಂಡಿತ್ತು. ಗಸಿ ತೊಳೆದುಹೋದಾಗ ಬಯಲಾಯಿತು. ಸೀಲ್ ಬದಲಿಸಿ ಮಿನರಲ್‌ಗೇ ವಾಪಸ್ ಬಂದೆ.

ಗೋಣಿಕೊಪ್ಪದಿಂದ:

ನಾನು ಟೀಚರ್. ಪೆಟ್ರೋಲ್ ಕಾರು, ದಿನಾ ವಿರಾಜಪೇಟೆಗೆ ಹೋಗಿ ಬರುವುದಷ್ಟೇ. ವರ್ಷಕ್ಕೆ 8 ಸಾವಿರ ಆಗುವುದಿಲ್ಲ, ಆದರೂ ವರ್ಷ ತುಂಬಿದ ಕೂಡಲೇ ಬದಲಿಸುತ್ತೇನೆ. ನನ್ನ ಅನುಭವದಲ್ಲಿ ಗ್ರೇಡ್ ಮುಖ್ಯ. ಮ್ಯಾನ್ಯುಯಲ್‌ನಲ್ಲಿ 0ಡಬ್ಲ್ಯು-20 ಇದೆ. ಒಂದು ಗ್ಯಾರೇಜಿನಲ್ಲಿ ಕೇಳದೆಯೇ 20ಡಬ್ಲ್ಯು-40 ಸುರಿದಿದ್ದರು. ಹಳೇ ಗಾಡಿಗೆ ಹಾಕುವ ಗಟ್ಟಿ ಆಯಿಲ್ ಅದು. ಬೆಳಿಗ್ಗೆ ಇಂಜಿನ್ ಸದ್ದೇ ಬೇರೆ ಬರುತ್ತಿತ್ತು, ಕಾರು ಎಳೆಯುತ್ತಲೇ ಇರಲಿಲ್ಲ. ಆಮೇಲಿಂದ ಸೀಲ್ ಇರುವ ಡಬ್ಬ ನಾನೇ ತಗೊಂಡು ಹೋಗಿ, ಎದುರಿಗೆ ನಿಂತು ಹಾಕಿಸುತ್ತೇನೆ.

ಅಮ್ಮತ್ತಿಯಿಂದ:

2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ಮಿತಿಯ ನಿಯಮ) ಡೀಸೆಲ್ ಗಾಡಿ ಇರುವವರಿಗೆ ಒಂದು ಮಾತು. ಸೈಲೆನ್ಸರ್ ಕಡೆ ಇರುವ, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಆ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಗಾಡಿ ಸ್ವಲ್ಪ ಹೊತ್ತು ಬಿಸಿಯಾಗಿ ಒಂದೇ ಸಮ ಓಡಬೇಕು. ನಮ್ಮ ಸಣ್ಣ ಓಡಾಟದಲ್ಲಿ ಅದು ಅರ್ಧಕ್ಕೇ ನಿಲ್ಲುತ್ತದೆ. ಉರಿಯದ ಡೀಸೆಲ್ ಕೆಳಗೆ ಆಯಿಲ್‌ಗೆ ಇಳಿಯುತ್ತದೆ. ನನ್ನ ಗಾಡಿಯ ಗೇಜ್ ಕಡ್ಡಿಯಲ್ಲಿ ಆಯಿಲ್ ಮೇಲಿನ ಗೆರೆ ದಾಟಿತ್ತು. ಕಮ್ಮಿ ಆಗುವುದು ಕೇಳಿದ್ದೆ, ಜಾಸ್ತಿ ಆಗಿದ್ದು ನೋಡಿ ಗಾಬರಿಯಾಯಿತು. ಇಂಥ ಗಾಡಿಗೆ ಬೂದಿ ಕಮ್ಮಿ ಬಿಡುವ ಆಯಿಲೇ ಬೇಕು. ಡಬ್ಬದ ಹಿಂದೆ ಸಿ2 ಅಥವಾ ಸಿ3 ಅಂತ ಇರುತ್ತದೆ, ಯಾವುದು ಅನ್ನುವುದನ್ನು ಮ್ಯಾನ್ಯುಯಲ್ ನೋಡಿ ತಗೊಳ್ಳಿ. ಸುಂಟಿಕೊಪ್ಪದವರ 2016ರ ಗಾಡಿಯ ಮ್ಯಾನ್ಯುಯಲ್ ಕೂಡ ಒಮ್ಮೆ ನೋಡಿಬಿಡಿ.

ಮಡಿಕೇರಿಯಿಂದ ಮತ್ತೆ:

ಜೀಪ್ ಅಣ್ಣನ ಮಾತು ನೋಡಿ ನೆನಪಾಯಿತು. ಸುಂಟಿಕೊಪ್ಪದವರೇ, ನಿಮ್ಮದೂ 1,40,000 ಓಡಿದ ಗಾಡಿ, ಹಿಂದಿನವರು ಹೇಗೆ ನೋಡಿಕೊಂಡಿದ್ದರೋ. ಮೊದಲ ಸಿಂಥೆಟಿಕ್ ಆಯಿಲನ್ನು 5 ಸಾವಿರಕ್ಕೇ ಇಳಿಸಿ, ಫಿಲ್ಟರ್ ಕೂಡ ಹೊಸದು ಹಾಕಿಸಿ. ಹಳೇ ಗಸಿ ಅದರಲ್ಲಿ ಬರುತ್ತದೆ. ಕೆಮಿಕಲ್ ಹಾಕಿ ಒಂದೇ ಸಲಕ್ಕೆ ತೊಳೆಯುವ ಫ್ಲಶ್ ಮಾಡಿಸಬೇಡಿ, ನಿಧಾನಕ್ಕೆ ತೊಳೆಯುವುದೇ ಒಳ್ಳೆಯದು. ಆ ಐದು ವಾರ ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ರಟ್ಟು ಹಾಸಿಡಿ, ತೊಟ್ಟಿಕ್ಕಿದರೆ ಗೊತ್ತಾಗುತ್ತದೆ.

ಸುಂಟಿಕೊಪ್ಪದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈಗಷ್ಟೇ ಹೋಗಿ ಮುಚ್ಚಳ ತೆಗೆದು ನೋಡಿದೆ, ಬಿಳಿ ಕೆನೆ ಇಲ್ಲ. ಗೇಜ್ ಎರಡು ಗೆರೆಯ ಮಧ್ಯೆ ಇದೆ. ಮ್ಯಾನ್ಯುಯಲ್‌ನಲ್ಲಿ 5ಡಬ್ಲ್ಯು-30, ಸಿ3 ಅಂತ ಇದೆ. ಇಷ್ಟು ದಿನ ಹಾಕಿಸಿದ್ದು 15ಡಬ್ಲ್ಯು-40! ಭಾನುವಾರ ಕುಶಾಲನಗರದಲ್ಲಿ ಡಬ್ಬ ತಗೊಂಡು ನಮ್ಮ ಗ್ಯಾರೇಜಿನ ಅಣ್ಣನ ಹತ್ತಿರವೇ ಬದಲಿಸುತ್ತೇನೆ. ಟರ್ಬೊಗೆ ಹೋಗುವ ಆ ಪೈಪ್ ಕೂಡ ಬಿಚ್ಚಿ ನೋಡಿ ಅಂತ ಅವರಿಗೆ ಹೇಳಿದ್ದೇನೆ.