ಸದ್ದಾಲಪುತ್ತನ ಮಡಕೆಗಳು ನಿಯತಿವಾದವನ್ನು ಅಲ್ಲಗಳೆಯುತ್ತವೆಯೇ?

ಆಗಮಾಸಕ್ತ: ಎಲ್ಲವೂ ಮೊದಲೇ ನಿಶ್ಚಿತ, ಪುರುಷಪ್ರಯತ್ನದಿಂದ ಏನೂ ಆಗದು ಎಂಬ ನಿಯತಿವಾದವೇ ಮಹಾವೀರರ ಸಮಕಾಲೀನ ಮಕ್ಖಲಿ ಗೋಸಾಲನ ಆಜೀವಿಕ ಮತ. ಅದನ್ನು ನಂಬಿದ್ದ ಕುಂಬಾರ ಸದ್ದಾಲಪುತ್ತನ ಕಥೆ ಜೈನರ ಧರ್ಮಗ್ರಂಥವಾದ ಆಗಮದಲ್ಲಿದೆ. ಬಿಸಿಲಿಗಿಟ್ಟ ಮಡಕೆಗಳನ್ನು ಕಂಡು ಮಹಾವೀರರು, ಇವು ಪ್ರಯತ್ನದಿಂದ ಆದವೋ ಪ್ರಯತ್ನವಿಲ್ಲದೆಯೋ ಎಂದು ಕೇಳುತ್ತಾರೆ. ಮಣ್ಣು ನೆನೆಸಿ, ಬೂದಿ ಸಗಣಿ ಬೆರೆಸಿ, ತಿಗರಿಗೆ ಏರಿಸಿದ ಬಗೆಯನ್ನೆಲ್ಲ ತಾನೇ ವಿವರಿಸಿದವನು, ಪ್ರಯತ್ನವಿಲ್ಲದೆಯೇ ಆದವು ಎನ್ನುತ್ತಾನೆ. ಇವನ್ನು ಯಾರಾದರೂ ಕದ್ದರೆ, ಒಡೆದರೆ ಏನು ಮಾಡುವೆ ಎಂದಾಗ ಮಾತ್ರ, ಬೈಯುತ್ತೇನೆ, ಕಟ್ಟಿಹಾಕಿ ಹೊಡೆಯುತ್ತೇನೆ ಎನ್ನುತ್ತಾನೆ. ಎಲ್ಲವೂ ನಿಯತವಾದರೆ ಕಳ್ಳನ ತಪ್ಪೇನು? ನನ್ನ ಮಟ್ಟಿಗೆ ವಾದ ಅಲ್ಲಿಗೇ ಮುಗಿಯಿತು.

ತರ್ಕಪ್ರಿಯ: ಮುಗಿಯಲಿಲ್ಲ. ತಾನು ಹೊಡೆಯುವುದೂ ನಿಯತವೇ ಎಂದು ಅವನು ಹೇಳಬಹುದಿತ್ತು. ನಂಬಿದಂತೆ ಬದುಕಲು ಅವನಿಗೆ ಆಗಲಿಲ್ಲ ಎಂದ ಮಾತ್ರಕ್ಕೆ ನಂಬಿಕೆ ಸುಳ್ಳಾಗುವುದಿಲ್ಲ.

ನರವಿಜ್ಞಾನದ ವಿದ್ಯಾರ್ಥಿ: ಪ್ರಯೋಗವೂ ನಿಯತಿಯ ಕಡೆಗೇ ಬೆರಳು ತೋರಿಸುತ್ತದೆ. ನರವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನಸ್ಸು ಬಂದಾಗ ಕೈಯಾಡಿಸುವಂತೆ ಹೇಳಿ, ಮನಸ್ಸು ಬಂದ ಗಳಿಗೆಯನ್ನು ಗಡಿಯಾರದ ಮೇಲೆ ಸುತ್ತುವ ಚುಕ್ಕೆಯಿಂದ ಗುರುತಿಸಲು ತಿಳಿಸಿದ್ದರು. ಚಲನೆಗೆ ಸುಮಾರು 550 ಮಿಲಿಸೆಕೆಂಡ್ ಮೊದಲೇ ಮಿದುಳಿನಲ್ಲಿ ವಿದ್ಯುತ್ ಸಿದ್ಧತೆ ಶುರುವಾಗಿತ್ತು. ಇಚ್ಛೆಯ ಅರಿವು ಬಂದದ್ದು ಚಲನೆಗೆ ಸುಮಾರು 200 ಮಿಲಿಸೆಕೆಂಡ್ ಮೊದಲು ಮಾತ್ರ.

ತರ್ಕಪ್ರಿಯ: ಚಲನೆಗೆ ಮೊದಲು ಕಾಣುವ ಆ ವಿದ್ಯುತ್ ಏರಿಕೆಯನ್ನು ಮಿದುಳಿನ ನಿರ್ಧಾರವೆಂದೇ ಓದಬೇಕಾಗಿಲ್ಲ. ಮಿದುಳಿನಲ್ಲಿ ಸದಾ ಇರುವ ಯಾದೃಚ್ಛಿಕ ಏರಿಳಿತ ಒಂದು ಮಿತಿಯನ್ನು ದಾಟಿದಾಗ ಕೈ ಚಲಿಸುವುದಾದರೆ, ಚಲನೆಯ ಗಳಿಗೆಯಿಂದ ಹಿಂದಕ್ಕೆ ಸರಾಸರಿ ತೆಗೆದಾಗ ಅಂಥದೇ ರೇಖೆ ಕಾಣುತ್ತದೆಂದು 2012ರಲ್ಲಿ ನರವಿಜ್ಞಾನಿ ಆರನ್ ಶುರ್ಗರ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಅಲ್ಲದೆ, ಕಾರಣವೇ ಇಲ್ಲದೆ ಕೈಯಾಡಿಸುವುದಕ್ಕೂ ಕದಿಯಲೋ ಬೇಡವೋ ಎಂದು ರಾತ್ರಿಯಿಡೀ ತೊಳಲಾಡುವುದಕ್ಕೂ ಏನು ಹೋಲಿಕೆ?

ಕಾನೂನು ವಿದ್ಯಾರ್ಥಿನಿ: ಇಬ್ಬರೂ ಎರಡು ಬೇರೆ ಮಾತುಗಳನ್ನು ಒಂದಾಗಿಸುತ್ತಿದ್ದೀರಿ. ಏನು ಮಾಡಿದರೂ ಆಗುವುದೇ ಆಗುತ್ತದೆ ಎಂದದ್ದು ಗೋಸಾಲ. ಪ್ರತಿಯೊಂದಕ್ಕೂ ಕಾರಣವಿದೆ ಎನ್ನುವವರು ಕುಂಬಾರನ ಶ್ರಮವನ್ನೂ ಆ ಕಾರಣಗಳಲ್ಲಿ ಒಂದಾಗಿ ಎಣಿಸುತ್ತಾರೆ, ಅವನು ಮಣ್ಣು ತುಳಿಯದಿದ್ದರೆ ಮಡಕೆಯೇ ಇಲ್ಲ. ಕಾನೂನಿಗೂ ಇಷ್ಟೇ ಸಾಕು. ನಮ್ಮ ದೇಶದ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಮನೋವಿಕಲತೆಯ ಬಗ್ಗೆ ಹೇಳುವಾಗ, ಕೃತ್ಯಕ್ಕೆ ಕಾರಣವಿತ್ತೇ ಎಂದು ಕೇಳುವುದಿಲ್ಲ, ಅದರ ಸ್ವರೂಪವನ್ನೋ ಅದು ತಪ್ಪೆಂಬುದನ್ನೋ ತಿಳಿಯುವ ಸಾಮರ್ಥ್ಯವಿತ್ತೇ ಎಂದು ಕೇಳುತ್ತದೆ.

ಆಗಮಾಸಕ್ತ: ಆ ಸಾಮರ್ಥ್ಯವೂ ಹುಟ್ಟು, ಬೆಳವಣಿಗೆಗಳಿಂದಲೇ ಬಂದದ್ದಲ್ಲವೇ? ಹಾಗಿರುವಾಗ ಅವನು ನೋವಿಗೆ ಅರ್ಹನೆಂದು ಹೇಗೆ ಹೇಳುತ್ತೀರಿ?

ಕಾನೂನು ವಿದ್ಯಾರ್ಥಿನಿ: ಹೇಳುವುದಿಲ್ಲ. ಕಳ್ಳನನ್ನು ತಡೆಯುವುದು, ತಿದ್ದುವುದು, ಮಡಕೆಯ ಬೆಲೆ ಕೊಡಿಸುವುದು ನನಗೆ ಒಪ್ಪಿಗೆ. ಸದ್ದಾಲಪುತ್ತ ಅವನನ್ನು ಕಟ್ಟಿಹಾಕಿ ಹೊಡೆಯುವುದಕ್ಕೆ ನನ್ನ ವಾದದಲ್ಲಿ ಆಧಾರವಿಲ್ಲ.