ಸವೆದ ಭಾಗದ ‘ಪ್ಲೇ’ಗೆ ಆಟ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಸ್ವಲ್ಪ ಬಿಡಿಸಿಕೊಡಿ.

ನನ್ನ ಹಳೇ ಟ್ರಯಂಫ್ ಸ್ಪಿಟ್‌ಫೈರ್ ಕಾರಿನ (1962ರಿಂದ 1980ರವರೆಗೆ ಬಂದ ಎರಡು ಸೀಟಿನದು) ಮುಂದಿನ ಸಸ್ಪೆನ್ಷನ್ನಿನ ಸವೆದ ಭಾಗಗಳನ್ನು ನಾನೇ ಬದಲಾಯಿಸಿದೆ. ಮಾಡಿದ್ದನ್ನು ಕನ್ನಡದಲ್ಲಿ ಬರೆದಿಡೋಣ ಅಂತ ಕೂತೆ. ಬುಷ್ (ಬೋಲ್ಟಿನ ಸುತ್ತ ಕೂರುವ ಬಳೆ), ಸ್ಪ್ರಿಂಗ್, ಬಾಲ್ ಜಾಯಿಂಟ್ (ಗುಂಡು ಕೂತು ಆಚೀಚೆ ತಿರುಗುವ ಜೋಡಣೆ) ಹಾಗೇ ಇರಲಿ, ಅವಕ್ಕೆಲ್ಲ ಕನ್ನಡ ಹುಡುಕುವ ಹುಚ್ಚು ನನಗಿಲ್ಲ. ಕೈಕೊಟ್ಟಿದ್ದು ‘ಪ್ಲೇ’ ಅನ್ನೋ ಸಣ್ಣ ಮಾತು, ಅಂದರೆ ಸವೆದ ಭಾಗ ಕೂತಲ್ಲೇ ಸ್ವಲ್ಪ ಅಲುಗೋದು.

ಕಾರನ್ನು ಎತ್ತಿ (ಜ್ಯಾಕ್ ಒಂದನ್ನೇ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಕೊಡಿ) ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲುಗಿಸಿದರೆ, ಟಕ್ ಟಕ್ ಅಂತ ಕೂದಲೆಳೆಯಷ್ಟು ಜರುಗುತ್ತೆ. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಾಗ ಅದು ನಿಂತರೆ ಚಕ್ರದ ಬೇರಿಂಗ್ ಕಡೆ ನೋಡಬೇಕು. ಆಗಲೂ ನಿಲ್ಲದಿದ್ದರೆ ಬಾಲ್ ಜಾಯಿಂಟೋ, ಬುಷ್ಷೋ, ಕೆಳಗಿನ ಟ್ರನಿಯನ್ನೋ (ಅದೇನು ಅಂತ ಮುಂದೆ ಹೇಳ್ತೀನಿ) ಸವೆದಿದೆ ಅಂತ.

ಮೊದಲು ಇದಕ್ಕೆ ‘ಸಡಿಲ’ ಅಂತಲೇ ಬರೆದೆ. ಅದನ್ನು ಓದಿದ ಗೆಳೆಯ ಸ್ಪ್ಯಾನರ್ ತಗೊಂಡು ತನ್ನ ಕಾರಿನ ಬೋಲ್ಟುಗಳನ್ನೆಲ್ಲ ಬಿಗಿ ಮಾಡಿದ, ಅದೂ ಚಕ್ರ ಗಾಳಿಯಲ್ಲಿ ನೇತಾಡ್ತಿರುವಾಗ! ರಬ್ಬರ್ ಬುಷ್ಷಿನ ಬೋಲ್ಟನ್ನು ಕಾರಿನ ಭಾರ ಚಕ್ರದ ಮೇಲೆ ಕೂತ ಮೇಲೇ ಕೊನೆಯ ಬಿಗಿ ಮಾಡಬೇಕು, ಇಲ್ಲದಿದ್ದರೆ ಕಾರು ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ. ಬೈಯೋಣ ಅಂದರೆ ತಪ್ಪು ಅವನದಲ್ಲ. ಸಡಿಲ ಆಗಿದ್ದನ್ನು ಬಿಗಿ ಮಾಡೋದು ತಾನೇ? ಸವೆದು ಆಡುವ ಭಾಗ ಎಷ್ಟು ಬಿಗಿ ಮಾಡಿದರೂ ಆಡುತ್ತೆ, ಅದನ್ನು ಬದಲಾಯಿಸಲೇಬೇಕು.

‘ಸವೆತ’ವೂ ಹೊಂದಲ್ಲ. ಅದು ಕಾರಣ, ಕೈಗೆ ಸಿಗುವ ಅಲುಗಾಟ ಅಲ್ಲ.

ಹಾಗಾಗಿ ಈಗ ‘ಆಟ’ ಅಂತ ಹಾಕಿದ್ದೇನೆ: ‘ಚಕ್ರದಲ್ಲಿ ಆಟ ಇದೆಯಾ ನೋಡಿ’. ಇಂಗ್ಲಿಷಿನ ನೆರಳು ಅಂತ ಒಬ್ಬರು ಮೂಗು ಮುರಿದರು. ನನಗೆ ಹಾಗನ್ನಿಸಲ್ಲ. ‘ಆಡು’ ಅಂದರೆ ಬರೀ ಚೆಂಡಾಟವಲ್ಲ, ಗಾಳಿಯೂ ಆಡುತ್ತೆ, ಹಲ್ಲೂ ಅಲ್ಲಾಡುತ್ತೆ. ಓಡಾಟ, ಉಸಿರಾಟ, ತೂಗಾಟ ಎಲ್ಲದರಲ್ಲೂ ಚಲನೆಯೇ ಇದೆ ಅಲ್ವಾ? ಆದರೆ ‘ಆಟ’ ಒಂಟಿಯಾಗಿ ನಿಂತಾಗ ಮಕ್ಕಳಾಟವೇ ಮೊದಲು ನೆನಪಾಗುತ್ತೆ, ಅದು ನಿಜ. ‘ಅಲುಗಾಟ’ ಅಂದರೆ ಆ ಗೊಂದಲ ಇಲ್ಲ, ಆದರೆ ಕಾರಿಗೆ ಕಾರೇ ನಡುಗಿದಂತೆ ಕೇಳಿಸುತ್ತೆ.

ಇನ್ನೊಂದು, ಟ್ರನಿಯನ್. ಚಕ್ರ ಹೊತ್ತ ಉಕ್ಕಿನ ಕಂಬದ ಕೆಳತುದಿ ಇದರೊಳಗೆ ತಿರುಪಿನಂತೆ ಕೂತಿರುತ್ತೆ, ಸ್ಟೀರಿಂಗ್ ತಿರುಗಿಸಿದಾಗ ಅಲ್ಲೇ ತಿರುಗುತ್ತೆ. ‘ಕೀಲು’ ಅನ್ನೋಣ ಅಂತಿದ್ದೇನೆ. ಈ ಕಾರಿನಲ್ಲಿ ಅದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಆಯಿಲ್ ಹಾಕಬೇಕು. ಗ್ರೀಸ್ ಗಟ್ಟಿಯಾಗಿ ಕೂತರೆ ತಿರುಪಿನ ಒಳಗೆಲ್ಲ ಇಳಿಯಲ್ಲ, ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತೆ, ಒಂದು ದಿನ ಅಲ್ಲೇ ಮುರಿದು ಚಕ್ರ ಮಡಚಿಕೊಳ್ಳುತ್ತೆ. ಕೀಲಿಗೆ ಎಣ್ಣೆ, ಅಂದರೆ ‘ಕೀಲೆಣ್ಣೆ’! ಪದ ರೆಡಿ ಸಿಕ್ಕಿತು ಅಂತ ಖುಷಿಪಟ್ಟೆ, ಅರ್ಧ ಗಂಟೆ ಅಷ್ಟೇ. ಕೀಲೆಣ್ಣೆ ಅಂದರೆ ಗಾಡಿಯ ಅಚ್ಚಿಗೆ ಬಳಿಯುವ ಕಪ್ಪು ಜಿಡ್ಡು ನೆನಪಾಗುವವರೂ ಇದ್ದಾರೆ. ಅವರು ಸೀದಾ ಗ್ರೀಸ್ ಗನ್ನನ್ನೇ ಎತ್ತಿಕೊಂಡರೆ? ಗೆಳೆಯನ ಸ್ಪ್ಯಾನರ್ ನೋಡಿದ ಮೇಲೆ ಈ ಭಯ ಜಾಸ್ತಿಯಾಗಿದೆ.

ಈಗ ಹೇಳಿ: ‘ಚಕ್ರದಲ್ಲಿ ಆಟ ಇದೆ’ ಅಂತ ಓದಿದರೆ ನಿಮಗೆ ಥಟ್ಟನೆ ಏನು ಹೊಳೆಯುತ್ತೆ? ನಿಮ್ಮ ಕಡೆ ಬಡಗಿಗಳೋ ಮೆಕ್ಯಾನಿಕ್‌ಗಳೋ ಇದಕ್ಕೆ ಬೇರೆ ಮಾತು ಬಳಸುತ್ತಾರಾ? ಮತ್ತೆ ‘ಕೀಲೆಣ್ಣೆ’ ಅಂದರೆ ನಿಮ್ಮ ಕಿವಿಗೆ ಎಣ್ಣೆಯೋ, ಜಿಡ್ಡೋ?